"ಎಣ್ಸುದ್ಯಾ ಮಗ?": ಕೊಕ್ಕರೆಬೆಳ್ಳೂರಿನ ಹಕ್ಕಿ ಲೆಕ್ಕದ ಕಥೆ

ಆರು ವರ್ಷದ ಹಿಂದಿನ ಮಾತು. ನಮ್ಮೂರ ಕೆರೆಗೆ ಹೆಜ್ಜಾರ್ಲೆಗಳು ಬಂದಿದ್ದವು. ಏರಿ ಮೇಲೆ ಬೈಕ್ ನಿಲ್ಲಿಸಿ ನಾಲ್ಕು ಫೋಟೊ ಹೊಡೆದು, ಮಧ್ಯಾಹ್ನದೊಳಗೆ ಸುದ್ದಿ ಕಳಿಸಿಬಿಟ್ಟೆ. 'ಕೆರೆಗೆ ಸಾವಿರಾರು ವಿದೇಶಿ ಅತಿಥಿಗಳ ದಂಡು' ಅಂತ ತಲೆಬರಹ ಕೊಟ್ಟವನೂ ನಾನೇ. ಫೋಟೊ ಸಮೇತ ಮೂರು ಕಾಲಂ ಬಂತು. ಜಿಲ್ಲಾ ಪುಟದಲ್ಲಿ ಮೂರು ಕಾಲಂ ಅಂದರೆ ಸ್ಟ್ರಿಂಜರ್‌ಗೆ ಹಬ್ಬ.

ಮಾರನೇ ದಿನ ಪಕ್ಕದ ಮನೆ ಅಜ್ಜಿ ಮೊಮ್ಮಗನ ಕೈಲಿ ಪೇಪರ್ ಓದಿಸಿಕೊಂಡು ನನ್ನನ್ನು ಕೂಗಿದರು. "ಎಣ್ಸುದ್ಯಾ ಮಗ?"

"ಇಲ್ಲ ಕನಜ್ಜಿ, ಅಂದಾಜು."

"ನಾನು ಕುರಿ ಲೆಕ್ಕಾನ ಅಂದಾಜ್ನಲ್ಲಿ ಏಳಿದ್ರೆ ನಿಮ್ ತಾತ ಸುಮ್ಕಿರ್ತಿದ್ನಾ?"

ನಕ್ಕು ಬಂದೆ. ನಗು ನಿಂತದ್ದು ಮುಂದಿನ ವರ್ಷ. ಏರಿ ರಸ್ತೆ ಅಗಲ ಮಾಡುವ ವಿಚಾರಕ್ಕೆ ಊರಲ್ಲಿ ಸಭೆ ಸೇರಿತ್ತು. ಏರಿಯ ಮೂಲೆಯಲ್ಲಿ ಒಂದು ದೊಡ್ಡ ಹುಣಸೆ ಮರ. ಸಂಜೆ ಹಕ್ಕಿಗಳು ಬಂದು ಕೂರುತ್ತಿದ್ದದ್ದು ಅದರ ಮೇಲೇ. ಮರ ಬೇಡ ಅಂದವರು ನನ್ನ ಸುದ್ದಿಯ ಫೋಟೊವನ್ನೇ ಮೊಬೈಲಲ್ಲಿ ತೋರಿಸಿದರು. "ಪೇಪರ್‌ನಲ್ಲೇ ಬಂದಿದೆಯಲ್ಲ, ಸಾವಿರಾರು ಇವೆ ಅಂತ. ಫಾರಿನ್ ಹಕ್ಕಿ ಬೇರೆ. ಒಂದು ಮರ ಹೋದರೆ ಇನ್ನೊಂದು ಕಡೆ ಕೂರ್ತವೆ ಬಿಡಿ." ನಾನು ಅಲ್ಲೇ ಇದ್ದೆ. ಅಷ್ಟಿಲ್ಲ ಅನ್ನೋಣ ಅಂದರೆ ಎಷ್ಟಿದ್ದವು ಅಂತ ನನಗೂ ಗೊತ್ತಿರಲಿಲ್ಲ. ಮರ ಹೋಯಿತು.

ಆ ಸುದ್ದಿಯಲ್ಲಿ ತಪ್ಪು ಎರಡಿದ್ದವು. ಸಾವಿರಾರು ಅನ್ನುವುದು ಒಂದು. ವಿದೇಶಿ ಅನ್ನುವುದು ಇನ್ನೊಂದು. ನಮ್ಮ ಕಡೆ ಕಾಣುವ ಹೆಜ್ಜಾರ್ಲೆ ಫಾರಿನ್ನಿಂದ ಬಂದದ್ದಲ್ಲ. ಇಲ್ಲೇ ಗೂಡು ಕಟ್ಟಿ, ಇಲ್ಲೇ ಮರಿ ಮಾಡುವ ಹಕ್ಕಿ. ನಮ್ಮೂರಿಂದ ಬೈಕಲ್ಲಿ ಹೋಗಿ ಬರಬಹುದಾದಷ್ಟು ದೂರದಲ್ಲೇ ಅದರ ತವರು ಇದೆ. ಅದೇ ಕೊಕ್ಕರೆಬೆಳ್ಳೂರು. ಅಲ್ಲಿ ಹಕ್ಕಿಗಳನ್ನು ಯಾರು, ಯಾವಾಗಿನಿಂದ ಬರೆದಿಟ್ಟರು ಅಂತ ಹುಡುಕುವುದಕ್ಕೆ ಶುರು ಮಾಡಿದ್ದು ಆ ಮರ ಹೋದ ಮೇಲೆ.

ಗೊತ್ತಿಲ್ಲದವರಿಗೆ ದಾರಿ ಹೇಳುತ್ತೇನೆ. ಬೆಂಗಳೂರು-ಮೈಸೂರು ಹಳೇ ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿ ಮದ್ದೂರಿಗೆ ಮೊದಲು ರುದ್ರಾಕ್ಷಿಪುರ ಸಿಗುತ್ತದೆ. ಅಲ್ಲಿಂದ ಒಳಗೆ ಹನ್ನೆರಡು ಕಿ.ಮೀ. ಆಸುಪಾಸು. ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ. ಪಕ್ಕದಲ್ಲಿ ಶಿಂಷಾ ಹೊಳೆ. ಸುತ್ತ ಕಬ್ಬು, ರಾಗಿ, ಭತ್ತ. ಪಕ್ಷಿಧಾಮ ಅಂದ ತಕ್ಷಣ ಗೇಟು, ಟಿಕೆಟ್ಟು, ದೋಣಿ ಅಂತ ಅಂದುಕೊಂಡು ಹೋದವರಿಗೆ ಅಲ್ಲಿ ಸಿಗುವುದು ಸಾದಾ ಊರು. ಮನೆ ಮುಂದೆ ಹುಣಸೆ ಮರ, ಅದರ ಕೆಳಗೆ ಕಟ್ಟಿದ ಎಮ್ಮೆ, ಮೇಲೆ ಹಕ್ಕಿ ಗೂಡು.

ಅಲ್ಲಿ ಗೂಡು ಕಟ್ಟುವ ದೊಡ್ಡ ಹಕ್ಕಿಗಳು ಮುಖ್ಯವಾಗಿ ಎರಡು. ಹೊರಗಿನಿಂದ ಹೋದವರು ಎರಡಕ್ಕೂ ಕೊಕ್ಕರೆ ಅನ್ನುತ್ತಾರೆ. ಉದ್ದ ಕಾಲು, ತುದಿಯಲ್ಲಿ ಸ್ವಲ್ಪ ಬಾಗಿದ ಹಳದಿ ಕೊಕ್ಕು, ಬಾಲದ ಹತ್ತಿರ ಗುಲಾಬಿ ಗರಿ ಇರುವುದು ಬಣ್ಣದ ಕೊಕ್ಕರೆ. ಊರಿಗೆ ಹೆಸರು ಬಂದದ್ದು ಇದರಿಂದ. ಗಿಡ್ಡ ಕಾಲು, ಬೂದು ಮೈ, ಕೊಕ್ಕಿನ ಕೆಳಗೆ ಚೀಲ, ಮೇಲ್ಗೊಕ್ಕಿನ ಅಂಚಿನಲ್ಲಿ ಸಾಲಾಗಿ ಚುಕ್ಕೆ ಇರುವುದು ಹೆಜ್ಜಾರ್ಲೆ. ಊರಿಗೆ ಹೊರಗೆಲ್ಲ ಪ್ರಸಿದ್ಧಿ ಬಂದದ್ದು ಇದರಿಂದ. ಚಳಿಗಾಲದ ಹೊತ್ತಿಗೆ ಬಂದು, ಗೂಡು ಕಟ್ಟಿ, ಮರಿ ಮಾಡಿ, ಬೇಸಿಗೆ ಮುಗಿಯುವ ಹೊತ್ತಿಗೆ ಮರಿಗಳನ್ನು ಕರೆದುಕೊಂಡು ಹೊರಡುತ್ತವೆ. ಮೀನಿಗೆ ಶಿಂಷಾ ಹೊಳೆ, ತೈಲೂರು ಕೆರೆ, ಮದ್ದೂರು ಕೆರೆ, ಸೂಳೆಕೆರೆಯಂಥ ಕಡೆಗೆಲ್ಲ ಹಾರುತ್ತವೆ. ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬಂದ ಹಾಗೆ ಅಂತ ಆ ಊರಿನವರು ಹೇಳುವುದು ಅದಕ್ಕೇ.

ಈಗ ಇತಿಹಾಸಕ್ಕೆ ಬರೋಣ.

ಕೊಕ್ಕರೆಬೆಳ್ಳೂರಿನ ಬಗ್ಗೆ ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಮೊದಲು ಸಿಗುವ ಹೆಸರು ಟಿ.ಸಿ. ಜೆರ್ಡನ್. ಬ್ರಿಟಿಷರ ಕಾಲದ ವೈದ್ಯ, ಪಕ್ಷಿ ಅಧ್ಯಯನದಲ್ಲಿ ದೊಡ್ಡ ಹೆಸರು. 1862ರಿಂದ 1864ರ ನಡುವೆ ಬಂದ ಅವರ ಭಾರತದ ಹಕ್ಕಿಗಳ ಪುಸ್ತಕದಲ್ಲಿ ಒಂದು ಹಳ್ಳಿಯ ವಿಷಯ ಬರುತ್ತದೆ. ಕರ್ನಾಟಿಕ್ ಸೀಮೆಯ ಆ ಹಳ್ಳಿಯ ಮಧ್ಯದ ಮರಗಳಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ, ಬಹಳ ಹಿಂದಿನಿಂದಲೂ ಹಾಗೇ ಅಂತ ಜನ ಹೇಳುತ್ತಾರೆ, ಹಕ್ಕಿಗಳಿಗೆ ಜನರ ಭಯವಿಲ್ಲ ಎಂಬುದು ಅದರ ಸಾರ. ಇದು ನಮ್ಮ ಬೆಳ್ಳೂರೇ ಅಂತ ಎಷ್ಟೋ ಬರಹಗಳಲ್ಲಿ ಹಾಕಿಬಿಟ್ಟಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಆ ಕಾಲದ ಇಂಗ್ಲಿಷರಿಗೆ ಕರ್ನಾಟಿಕ್ ಅಂದರೆ ಘಟ್ಟದ ಕೆಳಗಿನ, ಮದ್ರಾಸ್ ಕಡೆಯ ಬಯಲು. ಮೈಸೂರು ಸೀಮೆಗೆ ಅವರು ಮೈಸೂರು ಅಂತಲೇ ಬರೆಯುತ್ತಿದ್ದರು. ಆಂಧ್ರದ ಕಡಪ ಸೀಮೆಯ ಒಂದು ಊರು ಇರಬಹುದು ಅಂತ ಆಮೇಲಿನ ತಜ್ಞರು ಹೇಳಿದ್ದಾರೆ.

ನನ್ನ ಗಮನ ಹೋದದ್ದು ಬೇರೆ ಕಡೆ. ಅಷ್ಟು ದೊಡ್ಡ ವಿದ್ವಾಂಸ ಕಣ್ಣಾರೆ ಕಂಡದ್ದನ್ನು ಬರೆದರು, ಊರಿನ ಹೆಸರು ಮಾತ್ರ ಬರೆಯಲಿಲ್ಲ. ಒಂದೇ ಒಂದು ಪದ. ನೂರೈವತ್ತು ವರ್ಷಕ್ಕೂ ಮೇಲೆ ಜನ ಅದಕ್ಕೆ ತಲೆ ಕೆಡಿಸಿಕೊಳ್ಳುತ್ತಿದ್ದಾರೆ. ನಾನು 'ಸಾವಿರಾರು' ಅಂತ ಬರೆದದ್ದಕ್ಕೆ ಹೋಲಿಸಿದರೆ ಅವರದು ಸಣ್ಣ ತಪ್ಪೇ, ಆದರೂ ಜಾತಿ ಒಂದೇ.

ಬೆಳ್ಳೂರಿನವರ ಹತ್ತಿರ ಪುಸ್ತಕ ಇರಲಿಲ್ಲ, ನೆನಪು ಇತ್ತು. ಆ ನೆನಪಿನ ಮುಖ್ಯ ಗಂಟು ಪ್ಲೇಗು. ಮೈಸೂರು ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟದ್ದು 1898ರಲ್ಲಿ. ಅಲ್ಲಿಂದ ಎರಡು ಮೂರು ದಶಕ ಊರೂರನ್ನು ಅಲುಗಾಡಿಸಿತು. ಇಲಿ ಸತ್ತು ಬಿದ್ದರೆ ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದ ಕಥೆ ನಮ್ಮ ಕಡೆ ಪ್ರತಿ ಮನೆಯಲ್ಲೂ ಇದೆ. 'ಹಳೇ ಊರು', 'ಹಾಳೂರು' ಅಂತ ನಮ್ಮ ಹೊಲಗಳ ನಡುವೆ ಕರೆಯುವ ಎಷ್ಟೋ ದಿಬ್ಬಗಳ ಹಿಂದೆ ಇಂಥ ಕಥೆಯೇ ಇರುತ್ತದೆ. ಬೆಳ್ಳೂರು ಮೊದಲು ಶಿಂಷಾ ಹೊಳೆಯ ದಡದಲ್ಲೇ ಇತ್ತಂತೆ. 1916ರ ಸುಮಾರಿಗೆ ಪ್ಲೇಗಿಗೆ ಹೆದರಿ ಜನ ಹಳೇ ಊರು ಬಿಟ್ಟು ಈಗಿನ ಜಾಗಕ್ಕೆ ಬಂದರು. ಅವರ ಹಿಂದೆಯೇ ಹಕ್ಕಿಗಳೂ ಬಂದವು ಅನ್ನುವುದು ಊರ ಹಿರಿಯರ ಮಾತು.

ಹಕ್ಕಿ ಯಾಕೆ ಬರಬೇಕು? ಅಲ್ಲೂ ಮರ ಇರಲಿಲ್ಲವೇ? ಜನ ಇದ್ದ ಕಡೆ ಮರ ಕಡಿಯುವವರನ್ನು ತಡೆಯುವವರು ಇರುತ್ತಾರೆ, ಹದ್ದು-ಕಾಗೆ ಓಡಿಸುವ ಗದ್ದಲ ಇರುತ್ತದೆ, ಬೇಟೆಗಾರ ಕಣ್ಣಿಗೆ ಬೀಳುತ್ತಾನೆ. ಇದು ನನ್ನ ಊಹೆ, ಹಾಗಂತಲೇ ಓದಿಕೊಳ್ಳಿ. ನೆನಪಿನ ಒಂದು ಗುಣ ಮಾತ್ರ ಇಲ್ಲಿ ಚೆನ್ನಾಗಿ ಕಾಣುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಪ್ಲೇಗು, ಊರು ಬಿಟ್ಟದ್ದು, ಹಕ್ಕಿ ಬಂದದ್ದು. ಎಷ್ಟು ಹಕ್ಕಿ, ಎಷ್ಟು ಗೂಡು ಅನ್ನುವುದು ಅದರ ಕೈಗೆ ಸಿಗುವುದಿಲ್ಲ.

ಇನ್ನು ಕಾಗದದ ಕಥೆ. 1939-40ರಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು, ಕಾಪಾಡಬೇಕೆಂದು ಅರಸರಿಗೆ ಹೇಳಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮ ಆಯಿತು. ಅಲ್ಲಿಂದ ಬೆಳ್ಳೂರು ಏನೂ ದೂರವಲ್ಲ. ಆದರೂ ಇನ್ನೂ ಮೂವತ್ತೈದು ವರ್ಷ ಬೆಳ್ಳೂರಿನ ಸುದ್ದಿ ಪಕ್ಷಿತಜ್ಞರ ಲೋಕಕ್ಕೆ ಮುಟ್ಟಲಿಲ್ಲ.

ಮುಟ್ಟಿಸಿದವರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್. ಬೆಂಗಳೂರಿನ ರಸ್ತೆಗಳ ಬದಿಗೆ 1980ರ ದಶಕದಲ್ಲಿ ಲಕ್ಷಾಂತರ ಗಿಡ ನೆಡಿಸಿದರಲ್ಲ, ಅವರೇ. 1976ರಲ್ಲಿ ಅವರು ಬೆಳ್ಳೂರಿನ ಹೆಜ್ಜಾರ್ಲೆ ಗೂಡುಗಳನ್ನು ಕಂಡರು. ಮುಂದಿನ ವರ್ಷ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಅವರ ಚಿಕ್ಕ ಲೇಖನ ಬಂತು. ಕರ್ನಾಟಕದಲ್ಲಿ ಹೆಜ್ಜಾರ್ಲೆಗಳ ಗೂಡುತಾಣದ 'ಶೋಧ' ಅನ್ನುವ ಅರ್ಥದ ತಲೆಬರಹ.

ಡಿಪ್ಲೊಮಾ ಓದುವಾಗ ಇದನ್ನು ನೋಡಿದ್ದರೆ ನಾನು ಸಿಟ್ಟಾಗುತ್ತಿದ್ದೆ. ತಲೆತಲಾಂತರದಿಂದ ಹಕ್ಕಿ ಜೊತೆ ಬಾಳಿದವರು ಅಲ್ಲೇ ಇದ್ದಾರೆ, ಶೋಧ ಯಾರು ಮಾಡುವುದು ಅಂತ. ಈಗ ಅಷ್ಟು ಸುಲಭವಾಗಿ ಸಿಟ್ಟು ಬರುವುದಿಲ್ಲ. ಆ ಎರಡು ಪುಟದ ಕಾಗದ ಬಂದ ಮೇಲೆ ಆದದ್ದನ್ನು ನೋಡಿ. ಹಕ್ಕಿ ಕೂರುವ ಮರಗಳನ್ನು ಉಳಿಸಿದವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಶುರುವಾಯಿತು.

ಪರಿಹಾರ ಯಾಕೆ ಬೇಕಿತ್ತು ಅನ್ನುವುದು ಹುಣಸೆ ಮರ ಇರುವ ನಮ್ಮಂಥವರಿಗೆ ಬಿಡಿಸಿ ಹೇಳಬೇಕಿಲ್ಲ. ಹುಣಸೆ ಹಣ್ಣು ಬಡಿಯುವುದು ಬೇಸಿಗೆ ಶುರುವಿನಲ್ಲಿ. ಗೂಡಲ್ಲಿ ಮರಿ ಇರುವುದೂ ಅದೇ ಹೊತ್ತಿನಲ್ಲಿ. ಕೊಂಬೆ ಅಲುಗಿದರೆ ಮರಿ ಬೀಳುತ್ತದೆ. ಬಡಿಯದಿದ್ದರೆ ವರ್ಷದ ಹಣ್ಣು ಹೋಗುತ್ತದೆ. ಬಡಿದರೂ ಹಿಕ್ಕೆ ಬಿದ್ದ ಹಣ್ಣನ್ನು ಕೊಳ್ಳುವವರು ಯಾರು? ಸೌದೆಗೆ ಮಾರಿದರೆ ಕೈತುಂಬ ದುಡ್ಡು. ಅಂಥದ್ದರಲ್ಲೂ ಮರ ಉಳಿಸಿಕೊಂಡು ಬಂದ ಮನೆಗಳು ಪ್ರತಿ ವರ್ಷ ಒಂದು ಬೆಳೆಯನ್ನು ಹಕ್ಕಿಗೆ ಬಿಟ್ಟುಕೊಟ್ಟ ಹಾಗೆ. ಮೀನಿನ ವಾಸನೆ, ಮರಿಗಳ ಗಲಾಟೆ ಬೇರೆ. ದೊಡ್ಡ ಹೆಜ್ಜಾರ್ಲೆ ಹೆಚ್ಚು ಕಡಿಮೆ ಮೂಕ ಹಕ್ಕಿ. ಗದ್ದಲವೆಲ್ಲ ಮರಿಗಳದ್ದೇ.

ಲಾಭವೂ ಇತ್ತು. ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆ ಗೋಡು ಹಾಕಿ, ಅದರ ಮೇಲೆ ಬಿದ್ದ ಹಿಕ್ಕೆಯನ್ನು ಬೆರೆಸಿ ಗೊಬ್ಬರ ಮಾಡುತ್ತಿದ್ದರು. ಮೀನು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ, ರಂಜಕ ಚೆನ್ನಾಗಿರುತ್ತದೆ. ಅಂಗಡಿ ಗೊಬ್ಬರ ಸುಲಭವಾಗಿ ಸಿಗದ ಕಾಲದಲ್ಲಿ ಇದು ಸಣ್ಣ ವಿಷಯವಲ್ಲ. ಚೀಲದ ಗೊಬ್ಬರ ಮನೆ ಬಾಗಿಲಿಗೇ ಬಂದ ಮೇಲೆ ಹಕ್ಕಿ ಗೊಬ್ಬರದ ಬೆಲೆ ಇಳಿಯಿತು. ಲೆಕ್ಕ ಹಾಕಿದರೆ ಮರ ಉಳಿಸುವುದು ನಷ್ಟದ ಕಡೆಗೇ ವಾಲಿತು. ಪರಿಹಾರದ ದುಡ್ಡು ಆ ನಷ್ಟಕ್ಕೆ. ದುಡ್ಡು ಕೊಡುವುದಕ್ಕೆ ಸರ್ಕಾರಕ್ಕೆ ಬೇಕಾದದ್ದು ಲೆಕ್ಕ. ಇಂಥವರ ಮನೆಯ ಇಂಥ ಮರದಲ್ಲಿ ಇಷ್ಟು ಗೂಡು ಅನ್ನುವ ಲೆಕ್ಕ. ನೆನಪಿಗೆ ಯಾವ ಖಜಾನೆಯಿಂದಲೂ ಚೆಕ್ ಬರುವುದಿಲ್ಲ.

1990ರ ದಶಕದ ನಡುಭಾಗದಲ್ಲಿ ಕಥೆ ಹೊರಗಿನವರ ಕೈಯಿಂದ ಊರಿನವರ ಕೈಗೆ ಬಂತು. ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ಸಂಸ್ಥೆ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್‌ನವರು ಊರಿಗೆ ಬಂದು ಹೋಗುತ್ತಾ ಇದ್ದರು. ಅವರ ಜೊತೆ ಸೇರಿದ ಊರಿನ ಯುವಕರು ಕಟ್ಟಿಕೊಂಡದ್ದು 'ಹೆಜ್ಜಾರ್ಲೆ ಬಳಗ'. ಕೊಕ್ಕರೆ ಬಳಗ ಅಂತ ಇಡಬಹುದಿತ್ತು, ಊರಿನ ಹೆಸರಲ್ಲೇ ಇದೆ. ಇಡಲಿಲ್ಲ. ಕಷ್ಟದಲ್ಲಿದ್ದ ಹಕ್ಕಿಯ ಹೆಸರು ಇಟ್ಟರು.

ಬಳಗದ ಹೆಚ್ಚಿನ ಕೆಲಸ ನೆಲದ ಮೇಲೇ. ಹೆಜ್ಜಾರ್ಲೆ ಸಾಮಾನ್ಯವಾಗಿ ಮೂರು ಮೊಟ್ಟೆ ಇಡುತ್ತದೆ. ಕಾವು ಹೆಚ್ಚು ಕಡಿಮೆ ಒಂದು ತಿಂಗಳು. ಆಮೇಲೆ ಮರಿ ಹಾರುವುದಕ್ಕೆ ಇನ್ನೂ ಕೆಲವು ತಿಂಗಳು ಬೇಕು. ಅಷ್ಟು ದಿನ ಒಂದೇ ಮರದಲ್ಲಿ ಒತ್ತೊತ್ತಾಗಿ ಗೂಡುಗಳು. ಗಾಳಿಗೋ ಜಗಳಕ್ಕೋ ಮರಿ ಕೆಳಗೆ ಬೀಳುತ್ತದೆ. ಕೆಳಗೆ ಬಿದ್ದ ಮರಿಗೆ ತಾಯಿ ಬಂದು ಉಣಿಸುವುದಿಲ್ಲ. ಅದು ನಾಯಿಗೋ ಹಸಿವಿಗೋ ಹೋಗಬೇಕಾದ ಜೀವ. ಬಳಗದವರು ಜಾಲರಿ ಆವರಣ ಕಟ್ಟಿ, ಬಿದ್ದ ಮರಿಗಳನ್ನು ಅಲ್ಲಿ ಸಾಕಿ, ಮೀನು ತಂದು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಟ್ಟರು. ಒಂದು ಮರಿಗೆ ದಿನಕ್ಕೆ ಎಷ್ಟು ಮೀನು ಬೇಕು ಅನ್ನುವುದು ಮೀನಿನ ಅಂಗಡಿಗೆ ಹೋಗಿಬರುವವರಿಗೆ ಗೊತ್ತು. ಹುಡುಗರಿಗೆ ಬಂದ ಖರ್ಚು, ಮನೆಯವರ ಬೈಗುಳ ಎರಡೂ ಕಡಿಮೆಯದಾಗಿರಲಿಕ್ಕಿಲ್ಲ.

ಹಳ್ಳಿಯವರು ಬರೆಯುವ ಲೆಕ್ಕಕ್ಕೂ ಹೊರಗಿನ ತಜ್ಞರ ಲೆಕ್ಕಕ್ಕೂ ಒಂದು ವ್ಯತ್ಯಾಸ ಇದೆ. ತಜ್ಞರು ಒಂದು ದಿನ ಬಂದು ಎಣಿಸುತ್ತಾರೆ. ಆ ದಿನ ಮೋಡ ಇದ್ದರೆ, ಹಕ್ಕಿ ಕೆರೆಗೆ ಹೋಗಿದ್ದರೆ ಲೆಕ್ಕ ತಪ್ಪುತ್ತದೆ. ಊರಿನವನು ಬೆಳಿಗ್ಗೆ ಹಲ್ಲುಜ್ಜುತ್ತಾ ಮರ ನೋಡುತ್ತಾನೆ. ಮೊದಲ ಹಕ್ಕಿ ಬಂದ ದಿನ, ಮೊದಲ ಕಡ್ಡಿ ತಂದ ದಿನ, ಕಳೆದ ವರ್ಷ ತುಂಬಿದ್ದ ಮರ ಈ ವರ್ಷ ಖಾಲಿ ಇರುವುದು ಅವನ ಕಣ್ಣಿಗೆ ತಾನಾಗಿ ಬೀಳುತ್ತದೆ. ಕೊರತೆ ಒಂದೇ, ಅವನು ಬರೆಯುವುದಿಲ್ಲ. ಬರೆದರೆ ಯಾವ ಪ್ರೊಫೆಸರಿಗೂ ಸಿಗದ ಪುಸ್ತಕ ಅದು.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದ್ದು. 2002ರಲ್ಲಿ ಅದಕ್ಕೆ ತಿದ್ದುಪಡಿ ಬಂದು 'ಸಮುದಾಯ ಮೀಸಲು' ಅನ್ನುವ ಹೊಸ ಬಗೆ ಸೇರಿತು. ಜಮೀನು ಜನರದ್ದೇ, ಕಾಪಾಡುವುದೂ ಜನರೇ. ಪಂಚಾಯಿತಿಯ ಪ್ರತಿನಿಧಿಗಳು ಮತ್ತು ಅರಣ್ಯ ಇಲಾಖೆಯವರು ಕೂಡಿದ ಸಮಿತಿ ನೋಡಿಕೊಳ್ಳಬೇಕು. 2007ರಲ್ಲಿ ಕೊಕ್ಕರೆಬೆಳ್ಳೂರು ಸಮುದಾಯ ಮೀಸಲು ಆಯಿತು. ಪಕ್ಷಿಧಾಮ ಅಂತ ಬೇಲಿ ಹಾಕಿ ಜನರನ್ನು ಎಬ್ಬಿಸುವುದಕ್ಕೂ ಇದಕ್ಕೂ ಬಹಳ ಅಂತರ. ಮನೆ-ಮರ-ಹಕ್ಕಿ ಮೂರೂ ಒಂದೇ ಅಂಗಳದಲ್ಲಿರುವ ಊರಿಗೆ ಬೇರೆ ಯಾವ ಕಾನೂನೂ ಹೊಂದುತ್ತಿರಲಿಲ್ಲ.

ಲೆಕ್ಕ ಇಡುವವರಿದ್ದರೆ ಏನು ಉಪಯೋಗ ಅಂತ ಕೇಳುವವರಿಗೆ 2017ರ ಕೊನೆ ಮತ್ತು 2018ರ ಶುರುವನ್ನು ಹೇಳುತ್ತೇನೆ. ಆ ಚಳಿಗಾಲದಲ್ಲಿ ಬೆಳ್ಳೂರಿನಲ್ಲಿ ದೊಡ್ಡ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಮರದಿಂದ ಬಿದ್ದು ಸತ್ತವು. ಮರಿ ಬೀಳುವುದು ಹೊಸದಲ್ಲ, ದೊಡ್ಡ ಹಕ್ಕಿ ಬೀಳುವುದು ಹೊಸದು. ಈ ವ್ಯತ್ಯಾಸ ಗೊತ್ತಾಗಬೇಕಾದರೆ ಮೊದಲಿಂದ ನೋಡುತ್ತಿದ್ದವರೇ ಬೇಕು. ಹಕ್ಕಿಜ್ವರದ ಭಯ ಎಲ್ಲರ ಮನಸ್ಸಿನಲ್ಲೂ ಇತ್ತು. ಕೋಳಿ ಸಾಕಿದವರ ಕಥೆ ಏನಾಗುತ್ತದೆ ಅಂತ ನೀವೇ ಊಹಿಸಿ. ಮರಣೋತ್ತರ ಪರೀಕ್ಷೆಯಲ್ಲಿ ಕಂಡದ್ದು ಹುಳ. ಕಾಂಟ್ರಾಸೀಕಮ್ ಎಂಬ ದುಂಡುಹುಳದ ಜಾತಿ. ಹಕ್ಕಿಯ ಹೊಟ್ಟೆಯಲ್ಲಿ ಬೆಳೆದ ಹುಳದ ಮೊಟ್ಟೆ ಹಿಕ್ಕೆಯ ಜೊತೆ ನೀರಿಗೆ ಬೀಳುತ್ತದೆ. ಮರಿಹುಳ ನೀರಿನ ಸಣ್ಣ ಜೀವಿಗಳ ಮೂಲಕ ಮೀನಿಗೆ, ಮೀನಿನಿಂದ ಮತ್ತೆ ಹಕ್ಕಿಗೆ. ಒಂದೆರಡು ಇದ್ದರೆ ಹಕ್ಕಿ ತಾಳಿಕೊಳ್ಳುತ್ತದೆ, ರಾಶಿ ಆದರೆ ಇಲ್ಲ. ಆ ಒಂದು ಋತುವಿನಲ್ಲಿ ಹತ್ತಾರು ಹೆಜ್ಜಾರ್ಲೆಗಳು ಹೋದವು. ಹಾಗಾಗಿ ಪ್ರಶ್ನೆ ಮರದಿಂದ ಕೆರೆಗೆ ಹೋಯಿತು. ಹಕ್ಕಿ ತಿನ್ನುವ ಮೀನು ಯಾವ ನೀರಿನದ್ದು, ಆ ನೀರಿಗೆ ಏನು ಸೇರುತ್ತಿದೆ ಅಂತ. ನಾವು ಸ್ನಾನ ಮಾಡುವ, ದನ ತೊಳೆಯುವ, ಮೀನು ಹಿಡಿಯುವ ನೀರೂ ಅದೇ.

ಈಗ ನಿಮ್ಮ ಊರಿಗೆ ಬರುತ್ತೇನೆ. ನಿಮ್ಮ ಪಂಚಾಯಿತಿಯಲ್ಲಿ 'ಜನತಾ ಜೀವವೈವಿಧ್ಯ ದಾಖಲಾತಿ' ಎಂಬ ಪುಸ್ತಕ ಇದೆ, ಅಥವಾ ಇರಬೇಕು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನವರನ್ನು ಕೇಳಿ, ಊರಿನ ಗಿಡ, ಹಕ್ಕಿ, ಪ್ರಾಣಿ, ತಳಿ, ಔಷಧಿ ಜ್ಞಾನ ಎಲ್ಲವನ್ನೂ ಬರೆದಿಡುವುದು ಅದರ ಮುಖ್ಯ ಕೆಲಸ. ಮಾಧವ ಗಾಡ್ಗೀಳರಂಥ ವಿಜ್ಞಾನಿಗಳು ಕಾಯ್ದೆ ಬರುವುದಕ್ಕೂ ಮೊದಲೇ, 1990ರ ದಶಕದಲ್ಲಿ, ಹಳ್ಳಿ ಜನರನ್ನೇ ಕೂರಿಸಿಕೊಂಡು ಇಂಥ ದಾಖಲಾತಿ ಮಾಡಿಸಿ ನೋಡಿದ್ದರು. ಒಳ್ಳೇ ಯೋಚನೆ. ಆದರೆ ಕಾಯ್ದೆ ಬಂದು ಹದಿನೈದು ವರ್ಷವಾದರೂ ದೇಶದ ಬಹುಪಾಲು ಊರಲ್ಲಿ ಪುಸ್ತಕವೇ ಇರಲಿಲ್ಲ. ವಿಷಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2020ರ ಜನವರಿ 31ರೊಳಗೆ ಮುಗಿಸಿ, ಇಲ್ಲದಿದ್ದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಿ ಅಂತ ಆದೇಶ ಬಂತು. ಆಮೇಲೆ ಓಟ ಶುರುವಾಯಿತು. ಓಟದಲ್ಲಿ ಬರೆದ ಪುಸ್ತಕ ಹೇಗಿರುತ್ತದೆ?

ನಾನು ಒಂದು ಪಂಚಾಯಿತಿಯಲ್ಲಿ ಕೇಳಿ ನೋಡಿದೆ. ಯಾವುದು ಅಂತ ಹೇಳುವುದಿಲ್ಲ, ಅದೊಂದೇ ಹಾಗಿದೆ ಅಂತ ನನಗೆ ಅನ್ನಿಸುವುದೂ ಇಲ್ಲ. ಹಕ್ಕಿಗಳ ಪಟ್ಟಿಯಲ್ಲಿ ಮಲೆನಾಡಿನ ದೊಡ್ಡ ಮಂಗಟ್ಟೆ ಇತ್ತು. ಕಬ್ಬು-ರಾಗಿಯ ಬಯಲಿನಲ್ಲಿ! ಕೆರೆಗೆ ಪ್ರತಿ ವರ್ಷ ಬರುವ ಹೆಜ್ಜಾರ್ಲೆ ಇರಲಿಲ್ಲ. ಯಾವುದೋ ಊರಿನ ಪಟ್ಟಿಗೆ ಈ ಊರಿನ ಹೆಸರು ಅಂಟಿಸಿದ ಹಾಗಿತ್ತು. ಸಮಿತಿ ಸದಸ್ಯೆಯೊಬ್ಬರನ್ನು ಕೇಳಿದೆ. "ಒಂದಿನ ಸೈನ್ ಮಾಡಿಸ್ಕೊಂಡೋದ್ರು ಕನಣ್ಣ, ಯಾತುಕ್ಕೆ ಅಂತ ಗೊತ್ತಿಲ್ಲ" ಅಂದರು. ತಾವು ಸದಸ್ಯೆ ಅನ್ನುವುದೂ ಅವರಿಗೆ ಆವತ್ತೇ ಸ್ಪಷ್ಟವಾದದ್ದು.

ನಾಳೆ ಆ ಕೆರೆಯ ಮರ ಕಡಿಯುವ ಸಭೆ ಸೇರಿದರೆ ಎತ್ತಿ ತೋರಿಸುವ ಕಾಗದ ಅದೇ. ಅದರಲ್ಲಿ ಹೆಜ್ಜಾರ್ಲೆ ಇಲ್ಲ ಅಂದರೆ ಕಾನೂನಿನ ಕಣ್ಣಿಗೂ ಇಲ್ಲ. ನನ್ನ ಸುದ್ದಿಯಲ್ಲಿ ಸಾವಿರ ಇದ್ದು ಮರ ಹೋಯಿತು, ಇಲ್ಲಿ ಸೊನ್ನೆ ಇದ್ದು ಹೋಗಬಹುದು.

ತಮಿಳುನಾಡಿನ ವೇಡಂತಾಂಗಲ್ ಹೆಸರು ಕೇಳಿರುತ್ತೀರಿ. ಅಲ್ಲಿನ ಕೆರೆಯ ಹಕ್ಕಿಗಳಿಗೆ ಬ್ರಿಟಿಷ್ ಸಿಪಾಯಿಗಳು ಗುಂಡು ಹೊಡೆಯುತ್ತಿದ್ದರಂತೆ. 18ನೇ ಶತಮಾನದ ಕೊನೆಯಲ್ಲಿ ಊರಿನವರು ಕಲೆಕ್ಟರ್ ಲಯನಲ್ ಪ್ಲೇಸ್ ಹತ್ತಿರ ಹೋಗಿ, ಹಕ್ಕಿ ಕೊಲ್ಲಬಾರದು ಎಂಬ ಕೌಲು ಬರೆಸಿಕೊಂಡು ಬಂದರು. 1858ರಲ್ಲಿ ಅದನ್ನು ಮತ್ತೆ ಹೊಸದು ಮಾಡಿಸಿಕೊಂಡರು. ಹಕ್ಕಿ ಹಿಕ್ಕೆ ಬೆರೆತ ಕೆರೆ ನೀರಿನಿಂದ ಗದ್ದೆಗೆ ಲಾಭ ಅನ್ನುವುದು ಅವರಿಗೆ ಗೊತ್ತಿತ್ತು. ಕಾಗದ ಇಲ್ಲದಿದ್ದರೆ ಸರ್ಕಾರದ ಮುಂದೆ ಮಾತು ನಿಲ್ಲುವುದಿಲ್ಲ ಅನ್ನುವುದೂ ಗೊತ್ತಿತ್ತು.

ನಮ್ಮೂರಲ್ಲಿ ಈಗ ಆರೇಳು ಮಂದಿ ಸೇರಿದ್ದೇವೆ. ಇಬ್ಬರು ಪಿಯುಸಿ ಹುಡುಗಿಯರು, ಒಬ್ಬ ಹಾಲಿನ ಡೇರಿಯವನು, ಒಬ್ಬ ಆಟೊ ಓಡಿಸುವವನು, ನಾನು, ಇನ್ನೊಂದಿಬ್ಬರು ಬಂದರೆ ಬಂದರು. ಗುಂಪಿಗೆ ಇನ್ನೂ ಹೆಸರಿಟ್ಟಿಲ್ಲ. ಭಾನುವಾರ ಬೆಳಿಗ್ಗೆ ಕೆರೆ ಸುತ್ತುತ್ತೇವೆ. ಇನ್ನೂರು ಪುಟದ ನೋಟ್‌ಬುಕ್ಕು, ಒಂದು ಹಳೇ ಬೈನಾಕ್ಯುಲರ್ ಇದೆ. ಕಲಿತದ್ದನ್ನು ಹೇಳುತ್ತೇನೆ, ನಿಮ್ಮೂರಲ್ಲಿ ಬೇಕಾದರೆ ಮಾಡಿ.

ಪ್ರತಿ ಸಲ ತಾರೀಖು, ಹೊತ್ತು, ಜಾಗ, ಹಕ್ಕಿ, ಸಂಖ್ಯೆ, ನೋಡಿದವರ ಹೆಸರು ಬರೆಯುತ್ತೇವೆ. ಜೆರ್ಡನ್ ಸಾಹೇಬರನ್ನು ನೆನೆದು ಜಾಗವನ್ನು ಮರೆಯುವುದೇ ಇಲ್ಲ. ದೊಡ್ಡ ಹಿಂಡು ಬಂದರೆ ಮೊದಲು ಹತ್ತು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆ ನೋಡಿಕೊಂಡು, ಅಂಥ ಹತ್ತುಗಳು ಎಷ್ಟು ಅಂತ ಎಣಿಸುತ್ತೇವೆ. ಇಬ್ಬರು ಬೇರೆ ಬೇರೆ ಎಣಿಸಿ ಆಮೇಲೆ ಹೋಲಿಸುತ್ತೇವೆ. ಮೊದಮೊದಲು ನನ್ನ ಸಂಖ್ಯೆ ಯಾವಾಗಲೂ ಹುಡುಗಿಯರದ್ದಕ್ಕಿಂತ ಜಾಸ್ತಿ ಬರುತ್ತಿತ್ತು. ವೃತ್ತಿದೋಷ.

ಹೆಸರಿನದ್ದೇ ಒಂದು ತಲೆನೋವು. ಒಬ್ಬರು ಬೆಳ್ಳಕ್ಕಿ ಅಂದರೆ ಇನ್ನೊಬ್ಬರು ಕೊಕ್ಕರೆ ಅನ್ನುತ್ತಾರೆ, ಮತ್ತೊಬ್ಬರಿಗೆ ನೀರಿನ ಹತ್ತಿರ ಇರುವುದೆಲ್ಲ ಬಕ. ಅದಕ್ಕೆ ಊರಿನ ಹೆಸರನ್ನೂ ಪುಸ್ತಕದ ಹೆಸರನ್ನೂ ಎರಡೂ ಬರೆಯುತ್ತೇವೆ. ಗೊತ್ತಾಗದ ಹಕ್ಕಿಗೆ 'ಗೊತ್ತಿಲ್ಲ' ಅಂತ ಬರೆದು ಕಾಲು, ಕೊಕ್ಕಿನ ಬಣ್ಣ ಗುರುತು ಹಾಕುತ್ತೇವೆ. ಹಕ್ಕಿ ಬಾರದ ದಿನ ಸೊನ್ನೆ ಬರೆಯುತ್ತೇವೆ. ಮೊದಲು ಸೊನ್ನೆ ಬರೆಯುವುದಕ್ಕೆ ಯಾರಿಗೂ ಮನಸ್ಸಿರಲಿಲ್ಲ. ಕೆರೆ ಒಣಗಿದ ವರ್ಷ ಅದರ ಬೆಲೆ ತಿಳಿಯಿತು. ಫೋನಿದ್ದವರು ಇ-ಬರ್ಡ್‌ಗೂ ಹಾಕುತ್ತಾರೆ. ಪ್ರತಿ ಜನವರಿಯಲ್ಲಿ ಏಷ್ಯಾದುದ್ದಕ್ಕೂ ನೀರುಹಕ್ಕಿಗಳ ಗಣತಿ ನಡೆಯುತ್ತದೆ. 1987ರಿಂದಲೂ ಇದೆ. ಸಣ್ಣ ಕೆರೆಯ ಲೆಕ್ಕಕ್ಕೂ ಅಲ್ಲಿ ಜಾಗವಿದೆ.

ಒಂದು ಎಚ್ಚರಿಕೆ. ಎಲ್ಲವನ್ನೂ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ನಕ್ಷತ್ರ ಆಮೆ, ಚಿಪ್ಪುಹಂದಿ, ಜನ 'ಎರಡು ತಲೆ ಹಾವು' ಅನ್ನುವ ಮಣ್ಣುಮುಕ್ಕ ಹಾವು ಕಂಡರೆ ಜಾಗದ ಹೆಸರು ಹೊರಗೆ ಬಿಡಬೇಡಿ. ಹಿಡಿದು ಮಾರುವ ಜಾಲಕ್ಕೆ ನಮ್ಮ ಫೋಟೊವೇ ದಾರಿ ತೋರಿಸುತ್ತದೆ. ಗೂಡಿನ ಹತ್ತಿರ ಹೋಗಿ ಸೆಲ್ಫಿ ತೆಗೆಯುವುದೂ ಬೇಡ. ನೋಟ್‌ಬುಕ್ಕಲ್ಲಿ ಜಾಗ ಬರೆದಿಡಿ, ನೋಟ್‌ಬುಕ್ಕು ಮನೆಯಲ್ಲಿರಲಿ.

ಕಳೆದ ಗ್ರಾಮಸಭೆಗೆ ನಮ್ಮ ನೋಟ್‌ಬುಕ್ಕಿನ ಎರಡು ವರ್ಷದ ಪುಟಗಳನ್ನು ಜೆರಾಕ್ಸ್ ಮಾಡಿಸಿ ಕೊಟ್ಟೆವು. ದಾಖಲಾತಿಗೆ ಸೇರಿಸಿ, ನಮ್ಮ ಅರ್ಜಿಗೆ ಸ್ವೀಕೃತಿ ಕೊಡಿ ಅಂದೆವು. ಸ್ವೀಕೃತಿ ಸಿಕ್ಕಿದೆ, ಸೇರಿಸಿದ್ದಾರೋ ಇಲ್ಲವೋ ನೋಡಬೇಕು. ಏರಿಯ ಇನ್ನೊಂದು ತುದಿಯಲ್ಲಿ ಒಂದು ಅರಳಿ ಮರ ಇದೆ. ಈಗ ಹಕ್ಕಿಗಳು ಸಂಜೆ ಅಲ್ಲಿ ಕೂರುತ್ತಿವೆ. ಅದರ ಹೆಸರು ಪುಟ ಒಂದರಲ್ಲೇ ಇದೆ.

ಹೋದ ಭಾನುವಾರ ಅಜ್ಜಿಯನ್ನು ಆಟೊದಲ್ಲಿ ಕೂರಿಸಿಕೊಂಡು ಏರಿ ಮೇಲೆ ಕರೆದುಕೊಂಡು ಹೋದೆವು. ಹುಡುಗಿಯರು ಒಂದು ಕಡೆ, ನಾನು ಒಂದು ಕಡೆ ಎಣಿಸಿದೆವು. ಅವರದು ನಲವತ್ತೊಂದು, ನನ್ನದು ನಲವತ್ತಮೂರು. ಅಜ್ಜಿ ಬೈನಾಕ್ಯುಲರ್ ಬೇಡ ಅಂದರು. ಹಣೆಗೆ ಕೈ ಅಡ್ಡ ಹಿಡಿದು, ತುಟಿ ಅಲುಗಿಸುತ್ತಾ, ಕುರಿ ಎಣಿಸುವ ಹಾಗೆ ಎರಡೆರಡೇ ಎಣಿಸಿದರು.

"ನಲವತ್ತೊಂದು ಕನ್ಮಗ. ನೀನು ಎರಡ ಎರಡ್ ಸಲ ಎಣ್ಸಿದ್ದೀಯ, ಆ ಮೂಲೇಲಿ ಆರ್ಬುಟ್ಟು ಬಂದು ಕುಂತ್ವಲ್ಲ, ಅವ್ನ."

ನೋಟ್‌ಬುಕ್ಕಲ್ಲಿ 41 ಅಂತ ಬರೆದೆವು. ನೋಡಿದವರ ಹೆಸರಿನ ಜಾಗದಲ್ಲಿ ಮೊದಲ ಹೆಸರು ಅಜ್ಜಿಯದು.